ಎರಡು ಬಾರಿ ಬೆಂದು, ಒಮ್ಮೆ ಒಡೆದ ಲೂವೆನ್

ಗ್ರಂಥಾಲಯವೊಂದನ್ನು ಇಬ್ಬರಿಗೆ ಪಾಲು ಹಾಕುವುದು ಹೇಗೆ? ಅಣ್ಣತಮ್ಮಂದಿರ ಹೊಲವಾದರೆ ನಡುವೆ ಬದು ಹಾಕಬಹುದು. ಪುಸ್ತಕಗಳ ನಡುವೆ ಬದು ಎಲ್ಲಿ ಹಾಕುವುದು? ಬೆಲ್ಜಿಯಂ ದೇಶದ ಲೂವೆನ್ ಪಟ್ಟಣದ ಕ್ಯಾಥೋಲಿಕ್ ವಿಶ್ವವಿದ್ಯಾಲಯ 1970ರ ದಶಕದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲೇಬೇಕಾಯಿತು. ಡಚ್ ಭಾಷೆಯ ವಿಭಾಗ ಹಳೆಯ ಊರಿನಲ್ಲೇ ಉಳಿಯುವುದು, ಫ್ರೆಂಚ್ ಭಾಷೆಯ ವಿಭಾಗ ಗಂಟುಮೂಟೆ ಕಟ್ಟಿ ಹೊರಡುವುದು ಎಂದು ತೀರ್ಮಾನವಾಗಿತ್ತು. ಪುಸ್ತಕಗಳ ಸರದಿ ಬಂದಾಗ, ಯಾರಿಗೆ ಸೇರಬೇಕೆಂದು ಸ್ಪಷ್ಟವಿಲ್ಲದವನ್ನು ಕಪಾಟಿನ ಕ್ರಮಸಂಖ್ಯೆ ನೋಡಿ ಹಂಚಿದರು. ಬೆಸಸಂಖ್ಯೆಯವು ಒಂದು ಪಾಲಿಗೆ, ಸಮಸಂಖ್ಯೆಯವು ಇನ್ನೊಂದು ಪಾಲಿಗೆ. ಒಂದರ ಪಕ್ಕ ಒಂದು ಕೂತಿದ್ದ ಎರಡು ಪುಸ್ತಕಗಳಲ್ಲಿ ಒಂದು ಅಲ್ಲೇ ಉಳಿಯಿತು, ಇನ್ನೊಂದು ಊರು ಬಿಟ್ಟಿತು.

ಇದೇ ಗ್ರಂಥಾಲಯ ಅದಕ್ಕೂ ಮೊದಲು ಎರಡು ಸಲ ಸುಟ್ಟು ಬೂದಿಯಾಗಿತ್ತು, 1914ರಲ್ಲಿ ಒಮ್ಮೆ, 1940ರಲ್ಲಿ ಇನ್ನೊಮ್ಮೆ. ಎರಡೂ ಸಲ ಜಗತ್ತಿನ ಮೂಲೆಮೂಲೆಯಿಂದ ಪುಸ್ತಕಗಳು ಬಂದವು, ಕಟ್ಟಡ ಮತ್ತೆ ಎದ್ದಿತು. ಬೆಂಕಿಗೆ ಬಗ್ಗದ ಸಂಸ್ಥೆ ಒಳಗಿನ ಜಗಳಕ್ಕೆ ಸೀಳಿತು. ಲೂವೆನ್‌ನ ಆರುನೂರು ವರ್ಷಗಳ ಚರಿತ್ರೆ ಓದಿದಷ್ಟೂ ನನಗೆ ಒಂದು ಮಾತು ಗಟ್ಟಿಯಾಗುತ್ತ ಹೋಗಿದೆ: ತನ್ನ ಗೋಡೆಯ ಹೊರಗೆ ಜನ ಯಾವ ಭಾಷೆ ಆಡುತ್ತಾರೆ ಎಂಬುದನ್ನು ಈ ವಿಶ್ವವಿದ್ಯಾಲಯ ಬಹಳ ಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ, ಒಡಕಿನ ಬೇರು ಅಲ್ಲಿದೆ.

ಬಟ್ಟೆ ಮಾರುವ ಮಂಟಪದಲ್ಲಿ ಪಾಠ

ಹದಿನೈದನೆಯ ಶತಮಾನದ ಆರಂಭದಲ್ಲಿ ಲೂವೆನ್ ಸೊರಗುತ್ತಿದ್ದ ಊರು. ಉಣ್ಣೆ ಬಟ್ಟೆ ನೇಯ್ದು ಸಿರಿವಂತವಾಗಿದ್ದ ಪಟ್ಟಣದಲ್ಲಿ ಮಗ್ಗಗಳು ಒಂದೊಂದಾಗಿ ನಿಂತಿದ್ದವು. ಬ್ರಾಬಂಟ್ ಸೀಮೆಯ ಅರಸೊತ್ತಿಗೆಯ ವೈಭವವೂ ಬ್ರಸೆಲ್ಸ್ ಕಡೆಗೆ ಸರಿದಿತ್ತು. ಊರನ್ನು ಮತ್ತೆ ಎತ್ತಿ ನಿಲ್ಲಿಸಬೇಕಾದರೆ ವಿಶ್ವವಿದ್ಯಾಲಯ ತರಬೇಕು ಎಂದು ಪಟ್ಟಣದ ಆಡಳಿತ, ಸಂತ ಪೀಟರ್ ಚರ್ಚಿನ ಗುರುಗಳು ಮತ್ತು ಡ್ಯೂಕ್ ನಾಲ್ಕನೆಯ ಜಾನ್ ಒಟ್ಟಾಗಿ ರೋಮ್‌ಗೆ ಮನವಿ ಕಳಿಸಿದರು. ಪೋಪ್ ಐದನೆಯ ಮಾರ್ಟಿನ್ 1425ರ ಡಿಸೆಂಬರ್ 9ರಂದು ಶಾಸನ ಹೊರಡಿಸಿದರು. ಅದಕ್ಕೊಂದು ಷರತ್ತಿತ್ತು. ವಿದ್ಯಾರ್ಥಿಗಳು, ಅಧ್ಯಾಪಕರ ಮೇಲಿನ ನ್ಯಾಯಾಧಿಕಾರವನ್ನು ಡ್ಯೂಕ್ ಮತ್ತು ಪಟ್ಟಣ ಬಿಟ್ಟುಕೊಡಬೇಕು, ಅದು ವಿಶ್ವವಿದ್ಯಾಲಯದ ಮುಖ್ಯಸ್ಥರಾದ ರೆಕ್ಟರ್ ಕೈಗೆ ಹೋಗಬೇಕು. ಊರಿನ ನಡುವೆಯೇ ಊರಿನ ಕಾನೂನಿಗೆ ಸಿಗದ ಇನ್ನೊಂದು ಊರು ಹುಟ್ಟಿದ್ದು ಹೀಗೆ.

ಮೊದಲಿಗೆ ದೇವಶಾಸ್ತ್ರ ಕಲಿಸಲು ಅನುಮತಿ ಇರಲಿಲ್ಲ. ಕ್ಯಾಥೋಲಿಕ್ ವಿಶ್ವವಿದ್ಯಾಲಯವೊಂದು ದೇವಶಾಸ್ತ್ರವಿಲ್ಲದೆ, ಕಾನೂನು, ವೈದ್ಯ ಮತ್ತು ಕಲಾ ವಿಷಯಗಳಿಂದ ಶುರುವಾಯಿತು ಎಂದರೆ ಇಂದು ಅಚ್ಚರಿ ಅನಿಸುತ್ತದೆ. ದೇವಶಾಸ್ತ್ರಕ್ಕೆ ಒಪ್ಪಿಗೆ ಸಿಕ್ಕಿದ್ದು 1432ರಲ್ಲಿ. ಅದೇ ವರ್ಷ, ವ್ಯಾಪಾರ ಇಳಿದುಹೋಗಿದ್ದ ಬಟ್ಟೆ ಮಂಟಪದ ಒಂದು ಭಾಗವೂ ವಿಶ್ವವಿದ್ಯಾಲಯದ ಕೈಸೇರಿತು. ನೇಕಾರರು ಥಾನುಗಳನ್ನು ಹರಡಿ ಮಾರುತ್ತಿದ್ದ ಕಮಾನುಗಳ ಕೆಳಗೆ ಲ್ಯಾಟಿನ್ ಪಾಠ ಕೇಳತೊಡಗಿತು. ಆ ಕಟ್ಟಡ ಇಂದಿಗೂ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ.

ಹುಡುಗರು ಇರುತ್ತಿದ್ದುದು, ಓದುತ್ತಿದ್ದುದು ನಾಲ್ಕು ವಸತಿ ಶಾಲೆಗಳಲ್ಲಿ. ಅವುಗಳ ಹೆಸರು ಲಿಲಿ, ಹಂದಿ, ಕೋಟೆ, ಡೇಗೆ. ಈ ನಾಲ್ಕರ ನಡುವೆ ವರ್ಷವೂ ಭಾರೀ ಪೈಪೋಟಿ. ಕಲಾ ವಿಭಾಗದ ಅಂತಿಮ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಬಂದವನಿಗೆ 'ಪ್ರೀಮಸ್' ಎಂಬ ಬಿರುದು. ಅವನು ತನ್ನ ಹುಟ್ಟೂರಿಗೆ ಹೋದಾಗ ಚರ್ಚಿನ ಗಂಟೆ ಬಾರಿಸಿ, ಬೀದಿ ಸಿಂಗರಿಸಿ, ಮೆರವಣಿಗೆಯಲ್ಲಿ ಕರೆದೊಯ್ಯುತ್ತಿದ್ದರು. ಒಬ್ಬ ಹುಡುಗ ಪರೀಕ್ಷೆಯಲ್ಲಿ ಮೊದಲು ಬಂದದ್ದನ್ನು ಇಡೀ ಊರು ಹಬ್ಬ ಮಾಡಿದ ಆ ಕಾಲದ ಬಗ್ಗೆ ಓದುವಾಗ, ವಿದ್ಯೆಗೆ ಸಾಮಾನ್ಯ ಜನ ಕೊಟ್ಟ ಮರ್ಯಾದೆ ಎಷ್ಟಿತ್ತೆಂದು ಮನಸ್ಸು ತುಂಬಿ ಬರುತ್ತದೆ.

ಹದಿನಾರನೆಯ ಶತಮಾನ ಲೂವೆನ್‌ನ ಸುವರ್ಣಕಾಲ. ಥಾಮಸ್ ಮೋರ್ ಅವರ 'ಯುಟೋಪಿಯಾ' ಮೊದಲು ಅಚ್ಚಾದದ್ದು ಇಲ್ಲಿ, 1516ರಲ್ಲಿ. ಇಲ್ಲಿ ಪ್ರಾಧ್ಯಾಪಕರೂ ರೆಕ್ಟರ್ ಕೂಡ ಆಗಿದ್ದ ಏಡ್ರಿಯನ್ 1522ರಲ್ಲಿ ಪೋಪ್ ಆರನೆಯ ಏಡ್ರಿಯನ್ ಆದರು. ಎರಾಸ್ಮಸ್ 1517ರಿಂದ ನಾಲ್ಕು ವರ್ಷ ಇಲ್ಲೇ ಇದ್ದರು. ತೀರಿಕೊಂಡ ಗೆಳೆಯ ಬಸ್‌ಲೈಡನ್ ಬಿಟ್ಟುಹೋದ ಹಣದಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಮೂರನ್ನೂ ಮೂಲದಿಂದಲೇ ಕಲಿಸುವ ಕಾಲೇಜೊಂದನ್ನು ಕಟ್ಟಲು ಅವರು ಬೆನ್ನೆಲುಬಾಗಿ ನಿಂತರು. ಬೈಬಲನ್ನು ಅದರ ಮೂಲ ಭಾಷೆಗಳಲ್ಲಿ ಓದಬೇಕೆಂಬುದು ಅವರ ಹಂಬಲ. ದೇವಶಾಸ್ತ್ರ ವಿಭಾಗದ ಹಿರಿಯರಿಗೆ ಇದು ರುಚಿಸಲಿಲ್ಲ. ಆದರೂ ಕಾಲೇಜು ನಿಂತಿತು. ಮುಂದೆ ಪ್ಯಾರಿಸ್‌ನಲ್ಲಿ ಫ್ರಾನ್ಸ್ ದೊರೆ ಇಂಥದೇ ಕಾಲೇಜು ತೆರೆಯಲು ಇದು ಮಾದರಿಯಾಯಿತು.

ಲೂವೆನ್‌ನ ಎರಡು ಮುಖಗಳು ಅಲ್ಲಿಂದಲೇ ಕಾಣುತ್ತವೆ. ಇದೇ ದೇವಶಾಸ್ತ್ರ ವಿಭಾಗ 1519ರಲ್ಲಿ ಮಾರ್ಟಿನ್ ಲೂಥರ್ ಅವರ ಬರಹಗಳನ್ನು ಖಂಡಿಸಿತು, 1546ರಲ್ಲಿ ನಿಷೇಧಿತ ಪುಸ್ತಕಗಳ ಪಟ್ಟಿಯನ್ನೇ ಪ್ರಕಟಿಸಿತು. ಇದೇ ಊರಿನಲ್ಲಿ ಗೆಮ್ಮಾ ಫ್ರೀಸಿಯಸ್ ಗಣಿತ, ಭೂಗೋಳ ಕಲಿಸುತ್ತಿದ್ದರು. ಅವರ ಬಳಿ ಕಲಿತ ಗೆರಾರ್ಡ್ ಮರ್ಕೇಟರ್ ಮುಂದೆ ನಾವಿಕರ ಬದುಕು ಬದಲಿಸಿದ ನಕಾಶೆ ಬರೆದರು. 1544ರಲ್ಲಿ ಧರ್ಮವಿರೋಧದ ಆರೋಪದ ಮೇಲೆ ಅದೇ ಮರ್ಕೇಟರ್‌ರನ್ನು ಹಿಡಿದು ತಿಂಗಳುಗಟ್ಟಲೆ ಸೆರೆಯಲ್ಲಿಟ್ಟಿದ್ದರು.

ಆಂಡ್ರಿಯಾಸ್ ವೆಸಾಲಿಯಸ್ ಅವರ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಆಧುನಿಕ ಅಂಗರಚನಾ ಶಾಸ್ತ್ರದ ಪಿತಾಮಹ ಎನಿಸಿದ ಈ ಮಹನೀಯ ಆಗಿನ್ನೂ ಇಪ್ಪತ್ತರ ಆಸುಪಾಸಿನ ತರುಣ. ಎಲುಬುಗಳನ್ನು ಹುಡುಕುತ್ತ ಗೆಮ್ಮಾ ಜತೆ ಊರಾಚೆಯ ಗಲ್ಲುಮರದ ಬಳಿ ಹೋದಾಗ, ಹಕ್ಕಿಗಳು ತಿಂದು ಬರಿದಾಗಿಸಿದ್ದ ಅಸ್ಥಿಪಂಜರವೊಂದು ಕಂಬಕ್ಕೆ ಬಿಗಿದಿತ್ತು. ಕೈಕಾಲಿನ ಎಲುಬುಗಳನ್ನು ಮೊದಲು ಕದ್ದು ತಂದರು. ಉಳಿದದ್ದನ್ನು ತರಲು ಕತ್ತಲಾಗುವವರೆಗೆ ಊರಾಚೆಯೇ ಉಳಿದು, ಒಬ್ಬರೇ ಕಂಬ ಹತ್ತಿ, ಸರಪಳಿಯಿಂದ ಬಿಡಿಸಿದರು. ಆಮೇಲೆ ಒಂದೊಂದೇ ತುಂಡನ್ನು ಗುಟ್ಟಾಗಿ ಮನೆಗೆ ಸಾಗಿಸಿ ಪೂರ್ತಿ ಅಸ್ಥಿಪಂಜರ ಜೋಡಿಸಿದರು. 1543ರಲ್ಲಿ ಹೊರಬಂದ ತಮ್ಮ ಮಹಾಗ್ರಂಥದಲ್ಲಿ ಇದನ್ನವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಪಟ್ಟಿ ಮಾಡಿ ಪುಸ್ತಕ ನಿಷೇಧಿಸುವವರು ಊರೊಳಗಿದ್ದರೆ, ಕಣ್ಣಾರೆ ಕಂಡದ್ದನ್ನೇ ನಂಬುತ್ತೇನೆಂದು ಗಲ್ಲುಮರ ಹತ್ತುವ ತರುಣ ಊರಾಚೆಗಿದ್ದರು. ಇಬ್ಬರೂ ಲೂವೆನ್‌ನವರೇ.

ಮುಚ್ಚಿದ್ದು, ತೆರೆದದ್ದು

ನಂತರದ ಎರಡು ಶತಮಾನಗಳನ್ನು ಬೇಗ ದಾಟೋಣ. ಫ್ರೆಂಚ್ ಕ್ರಾಂತಿಯ ಸೇನೆ ಈ ನಾಡನ್ನು ಆಕ್ರಮಿಸಿಕೊಂಡ ಮೇಲೆ 1797ರಲ್ಲಿ ವಿಶ್ವವಿದ್ಯಾಲಯಕ್ಕೆ ಬೀಗ ಬಿತ್ತು. ನೆಪೋಲಿಯನ್ ಸೋತ ಬಳಿಕ ನೆದರ್ಲೆಂಡ್ಸ್‌ನ ದೊರೆ ಒಂದನೆಯ ವಿಲಿಯಂ 1817ರಲ್ಲಿ ಇಲ್ಲಿ ಸರ್ಕಾರಿ ವಿಶ್ವವಿದ್ಯಾಲಯ ತೆರೆದರು. 1830ರಲ್ಲಿ ಬೆಲ್ಜಿಯಂ ಸ್ವತಂತ್ರವಾಯಿತು. ಹೊಸ ಸಂವಿಧಾನ ಶಿಕ್ಷಣಕ್ಕೆ ಮುಕ್ತ ಸ್ವಾತಂತ್ರ್ಯ ಕೊಟ್ಟಿತು. ಅದನ್ನು ಬಳಸಿಕೊಂಡು ಧರ್ಮಾಧ್ಯಕ್ಷರು 1834ರಲ್ಲಿ ಮೆಖೆಲೆನ್ ಪಟ್ಟಣದಲ್ಲಿ ಕ್ಯಾಥೋಲಿಕ್ ವಿಶ್ವವಿದ್ಯಾಲಯ ಸ್ಥಾಪಿಸಿದರು. ಅದಕ್ಕೆ ಎದುರಾಗಿ ಉದಾರವಾದಿಗಳು ಅದೇ ವರ್ಷ ಬ್ರಸೆಲ್ಸ್‌ನಲ್ಲಿ ತಮ್ಮದೊಂದು ವಿಶ್ವವಿದ್ಯಾಲಯ ಕಟ್ಟಿದರು. ಮರುವರ್ಷ ಲೂವೆನ್‌ನ ಸರ್ಕಾರಿ ವಿಶ್ವವಿದ್ಯಾಲಯ ಮುಚ್ಚಿದಾಗ ಧರ್ಮಾಧ್ಯಕ್ಷರ ಸಂಸ್ಥೆ ಅಲ್ಲಿಗೆ ಬಂದು ನೆಲೆಸಿತು.

1835ರಲ್ಲಿ ಬಂದದ್ದು 1425ರದ್ದೇ ಹೌದೇ? ಕಾನೂನಿನ ಪ್ರಕಾರ ಅಲ್ಲ, ಇದು ಹೊಸ ಸಂಸ್ಥೆ ಎಂದು ಬೆಲ್ಜಿಯಂನ ಸರ್ವೋಚ್ಚ ನ್ಯಾಯಾಲಯ ಹತ್ತೊಂಬತ್ತನೆಯ ಶತಮಾನದಲ್ಲೇ ಹೇಳಿತ್ತು. ವಿಶ್ವವಿದ್ಯಾಲಯ ಮಾತ್ರ ತನ್ನ ವಯಸ್ಸನ್ನು 1425ರಿಂದಲೇ ಎಣಿಸುತ್ತದೆ. ನನ್ನ ಮಟ್ಟಿಗೆ ಅದು ತಪ್ಪಲ್ಲ. ಅದೇ ಊರು, ಅದೇ ಮಂಟಪ, ಅದೇ ನೆನಪು.

ಒಂದು ಮುಖ್ಯ ಸಂಗತಿ ಆಗ ಬದಲಾಗಿತ್ತು. ಹಳೆಯ ಕಾಲದಲ್ಲಿ ಪಾಠ ಲ್ಯಾಟಿನ್‌ನಲ್ಲಿ, ಅದು ಯಾರ ಮನೆಮಾತೂ ಅಲ್ಲ, ಹಾಗಾಗಿ ಯಾರಿಗೂ ಹೆಚ್ಚು ಕಡಿಮೆ ಇರಲಿಲ್ಲ. ಹೊಸ ವಿಶ್ವವಿದ್ಯಾಲಯದ ಪಾಠ ಫ್ರೆಂಚಿನಲ್ಲಿ. ಲೂವೆನ್ ಇರುವುದು ಉತ್ತರ ಬೆಲ್ಜಿಯಂನಲ್ಲಿ, ಅಲ್ಲಿನ ಜನರ ಮಾತು ಡಚ್ಚಿನ ಒಂದು ಬಗೆಯಾದ ಫ್ಲೆಮಿಷ್. ಅಂಗಡಿಯವರು, ಅಡುಗೆಯವರು, ಬಂಡಿ ಹೊಡೆಯುವವರು ಒಂದು ಭಾಷೆ, ಪ್ರಾಧ್ಯಾಪಕರು, ವಕೀಲರು, ನ್ಯಾಯಾಧೀಶರು ಇನ್ನೊಂದು. ಫ್ಲೆಮಿಷ್ ರೈತನ ಮಗ ಓದಿ ಮೇಲೇರಬೇಕಾದರೆ ಅವ್ವನ ಮಾತನ್ನು ತರಗತಿಯ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕಿತ್ತು. ಆ ಕಾಲದ ಇಡೀ ಬೆಲ್ಜಿಯಂ ನಡೆದದ್ದೇ ಹಾಗೆ ಎನ್ನುವುದು ನಿಜ. ಆದರೆ ಬಡವರ ಪರ ನಿಲ್ಲಬೇಕಾದ ಧರ್ಮಸಭೆಯ ವಿಶ್ವವಿದ್ಯಾಲಯವೂ ಅದನ್ನು ಸಹಜವೆಂದುಕೊಂಡದ್ದು ನೋಯಿಸುತ್ತದೆ. ಡಚ್ ಭಾಷೆಯಲ್ಲಿ ಕೆಲವು ಪಾಠಗಳು ಶುರುವಾದದ್ದು 1911ರಲ್ಲಿ.

1914, ಆಗಸ್ಟ್ 25

ಮೊದಲನೆಯ ಮಹಾಯುದ್ಧ ಶುರುವಾಗಿ ಮೂರು ವಾರ. ತಟಸ್ಥ ದೇಶವಾಗಿದ್ದ ಬೆಲ್ಜಿಯಂ ಮೇಲೆ ನುಗ್ಗಿದ ಜರ್ಮನ್ ಸೇನೆ ಆಗಸ್ಟ್ 19ರಂದು ಲೂವೆನ್ ಹೊಕ್ಕಿತು. ಆರು ದಿನ ಊರು ಉಸಿರು ಬಿಗಿಹಿಡಿದಿತ್ತು. 25ರ ಸಂಜೆ ಎಲ್ಲೋ ಗುಂಡಿನ ಸದ್ದಾಯಿತು. ಊರವರೇ ಅಡಗಿ ಗುಂಡು ಹಾರಿಸಿದರು ಎಂದು ಜರ್ಮನರು ಹೇಳಿದರು. ಕತ್ತಲಲ್ಲಿ ಅವರ ಸೈನಿಕರೇ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿಕೊಂಡದ್ದೆಂದು ನಂತರದ ಇತಿಹಾಸಕಾರರು ಹೇಳುತ್ತಾರೆ. ಅಂದು ರಾತ್ರಿ ಮನೆಮನೆಗೂ ಬೆಂಕಿ ಬಿತ್ತು. ಬಟ್ಟೆ ಮಂಟಪದಲ್ಲಿದ್ದ ಗ್ರಂಥಾಲಯಕ್ಕೂ ಬೆಂಕಿ ಇಟ್ಟರು.

ಸುಮಾರು 3 ಲಕ್ಷ ಪುಸ್ತಕಗಳು. ಅವುಗಳಲ್ಲಿ ಅಚ್ಚುಕಲೆ ಹುಟ್ಟಿದ ಮೊದಲ ದಶಕಗಳಲ್ಲಿ ಮುದ್ರಿಸಿದವು, ಮಧ್ಯಯುಗದಲ್ಲಿ ಸನ್ಯಾಸಿಗಳು ಕೈಯಲ್ಲಿ ಬರೆದವು. ಬಹಳಷ್ಟಕ್ಕೆ ಬೇರೆಲ್ಲೂ ಪ್ರತಿ ಇರಲಿಲ್ಲ. ಸುಟ್ಟ ಹಾಳೆಗಳ ಚೂರುಗಳು ಗಾಳಿಯಲ್ಲಿ ತೇಲಿ ಊರಾಚೆಯ ಹೊಲಗಳಲ್ಲಿ ಬಿದ್ದವು. ಊರಿನಲ್ಲಿ 248 ನಾಗರಿಕರು ಸತ್ತರು. ಉಳಿದವರನ್ನು ಊರು ಬಿಡಿಸಿದರು, ನೂರಾರು ಜನರನ್ನು ರೈಲಿನಲ್ಲಿ ತುಂಬಿ ಜರ್ಮನಿಗೆ ಸಾಗಿಸಿದರು. ಪುಸ್ತಕಗಳ ಬಗ್ಗೆ ಬರೆಯುವಾಗ ಈ 248 ಜನರನ್ನು ಎರಡನೆಯ ಸಾಲಿಗೆ ತಳ್ಳುವುದು ಬೇಡ. ಅಂದು ಬರಿ ಕಾಗದ ಸುಡಲಿಲ್ಲ.

ಮರುದಿನ, ಊರಿನಿಂದ ಬ್ರಸೆಲ್ಸ್ ಕಡೆಗೆ ಅಟ್ಟಿದ ಗುರುಗಳ ಗುಂಪೊಂದರಲ್ಲಿ ಜೆಸ್ಯೂಟ್ ಸಭೆಯ ಒಬ್ಬ ತರುಣ ಇದ್ದರು. ಸೈನಿಕರು ಅವರ ಜೇಬು ತಡಕಿದಾಗ ಟಿಪ್ಪಣಿ ಪುಸ್ತಕ ಸಿಕ್ಕಿತು. ಪುರಾತನ ಅಲೆಕ್ಸಾಂಡ್ರಿಯಾದ ಗ್ರಂಥಾಲಯ ಸುಟ್ಟ ಕತೆಗೆ ಲೂವೆನ್ ಬೆಂಕಿಯನ್ನು ಹೋಲಿಸಿ ಅವರು ಅದರಲ್ಲಿ ಬರೆದಿದ್ದರು. ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿ, ಅವರನ್ನು ಗುಂಡಿಟ್ಟು ಕೊಂದರು.

ಜಗತ್ತು ದಂಗಾಯಿತು. ಆದರೆ ನನ್ನನ್ನು ಹೆಚ್ಚು ಕಾಡುವುದು ಅಕ್ಟೋಬರ್ ತಿಂಗಳಲ್ಲಿ ಹೊರಬಂದ ಒಂದು ಹೇಳಿಕೆ. ಜರ್ಮನಿಯ 93 ವಿದ್ವಾಂಸರು, ಕಲಾವಿದರು ಸಹಿ ಹಾಕಿ ತಮ್ಮ ಸೇನೆಯನ್ನು ಸಮರ್ಥಿಸಿಕೊಂಡರು. ಲೂವೆನ್‌ನಲ್ಲಿ ಕ್ರೌರ್ಯ ನಡೆದಿಲ್ಲ ಎಂದರು. ಸಹಿ ಹಾಕಿದವರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಇದ್ದರು, ಎಕ್ಸ್-ರೇ ಕಂಡುಹಿಡಿದ ರಾಂಟ್‌ಜೆನ್ ಇದ್ದರು. ಸಾಕ್ಷ್ಯವಿಲ್ಲದೆ ಒಂದು ಸಮೀಕರಣವನ್ನೂ ಒಪ್ಪದ ಮಂದಿ ದೇಶದ ಮಾತು ಬಂದಾಗ ಸಾಕ್ಷ್ಯ ಕೇಳಲಿಲ್ಲ. ಪ್ಲಾಂಕ್ ಆಮೇಲೆ ಹಿಂದೆ ಸರಿದರು ಎನ್ನುವುದನ್ನೂ ಹೇಳಬೇಕು.

ಬೆಲ್ಜಿಯಂನ ದನಿಯಾಗಿ ಎದ್ದು ನಿಂತವರು ಕಾರ್ಡಿನಲ್ ಮರ್ಸಿಯೆ. ಇದೇ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಸಂಸ್ಥೆ ಕಟ್ಟಿ ಬೆಳೆಸಿದ ಪ್ರಾಧ್ಯಾಪಕರು, ಆಗ ಮೆಖೆಲೆನ್‌ನ ಮಹಾಧರ್ಮಾಧ್ಯಕ್ಷರು. 1914ರ ಕ್ರಿಸ್‌ಮಸ್‌ಗೆ ಅವರು ಬರೆದ ಪತ್ರವನ್ನು ಆಕ್ರಮಣಕಾರರ ಕಣ್ಣೆದುರೇ ಚರ್ಚುಗಳಲ್ಲಿ ಓದಿದರು. ಇದೇ ಮರ್ಸಿಯೆ, ವಿಶ್ವವಿದ್ಯಾಲಯ ಮಟ್ಟದ ಶಿಕ್ಷಣಕ್ಕೆ ಫ್ಲೆಮಿಷ್ ಭಾಷೆ ತಕ್ಕದ್ದಲ್ಲ ಎಂದು ನಂಬಿದ್ದವರೂ ಹೌದು. ದೊಡ್ಡವರ ಧೈರ್ಯ ಒಂದು ಕಡೆ, ದೊಡ್ಡವರ ಕುರುಡು ಇನ್ನೊಂದು ಕಡೆ.

ಯುದ್ಧ ಮುಗಿದ ಮೇಲೆ ವರ್ಸೈಲ್ಸ್ ಒಪ್ಪಂದದ 247ನೇ ವಿಧಿಯಲ್ಲಿ ಲೂವೆನ್ ಹೆಸರು ಬಂತು: ಸುಟ್ಟುಹೋದಷ್ಟೇ ಸಂಖ್ಯೆಯ, ಅಷ್ಟೇ ಬೆಲೆಯ ಪುಸ್ತಕ, ಹಸ್ತಪ್ರತಿಗಳನ್ನು ಜರ್ಮನಿ ಕೊಡಬೇಕು. ಅದಕ್ಕೂ ಮೊದಲೇ ಮ್ಯಾಂಚೆಸ್ಟರ್‌ನ ಜಾನ್ ರೈಲಾಂಡ್ಸ್ ಗ್ರಂಥಾಲಯ ಪುಸ್ತಕ ಕೂಡಿಸಲು ಶುರುಮಾಡಿತ್ತು, ಕೊನೆಗೆ 55,000ಕ್ಕೂ ಹೆಚ್ಚು ಕಳಿಸಿತು. ಜಪಾನ್ ಕೂಡ ಕಳಿಸಿತು. ಕಟ್ಟಡದ ಖರ್ಚು ಅಮೆರಿಕದವರದು. ಶಾಲೆ ಮಕ್ಕಳಿಂದ ಹಿಡಿದು ವಿಶ್ವವಿದ್ಯಾಲಯಗಳವರೆಗೆ ಚಂದಾ ಎತ್ತಿದರು. ಹಣ ಕೊಟ್ಟ ಸಂಸ್ಥೆಗಳ ಹೆಸರುಗಳನ್ನು ಇಂದಿಗೂ ಆ ಗ್ರಂಥಾಲಯದ ಗೋಡೆಯ ಕಲ್ಲುಗಳಲ್ಲಿ ಓದಬಹುದು. ಗೋಪುರದ ಗಂಟೆಗಳ ಮೇಳ ಅಮೆರಿಕದ ಎಂಜಿನಿಯರುಗಳ ಕೊಡುಗೆ, ಯುದ್ಧದಲ್ಲಿ ಸತ್ತ ತಮ್ಮ ಸಹೋದ್ಯೋಗಿಗಳ ನೆನಪಿಗೆ.

ಉದ್ಘಾಟನೆ 1928ರ ಜುಲೈ 4ರಂದು. ಅಷ್ಟರಲ್ಲಿ ಜಗಳ. ಕಟ್ಟಡದ ಕಲ್ಲಿನ ಕಟಾಂಜನದ ಮೇಲೆ ಲ್ಯಾಟಿನ್ ಬರಹವೊಂದನ್ನು ಕೆತ್ತಬೇಕೆಂದು ವಾಸ್ತುಶಿಲ್ಪಿ ವಿಟ್ನಿ ವಾರೆನ್ ಹಟ ಹಿಡಿದಿದ್ದರು: ಜರ್ಮನರ ಆವೇಶಕ್ಕೆ ನಾಶವಾದದ್ದು, ಅಮೆರಿಕದ ದಾನದಿಂದ ಎದ್ದದ್ದು ಎಂಬರ್ಥದ್ದು. ಒಕ್ಕಣೆ ಮರ್ಸಿಯೆ ಅವರದು. ಅವರು 1926ರಲ್ಲೇ ತೀರಿಹೋಗಿದ್ದರು. ರೆಕ್ಟರ್ ಲಾಡೂಜ್ ಒಪ್ಪಲಿಲ್ಲ. ವಿದ್ಯೆಯ ಮನೆಯ ಮೇಲೆ ದ್ವೇಷವನ್ನು ಕೆತ್ತುವುದು ಬೇಡ, ಜರ್ಮನ್ ವಿದ್ವಾಂಸರೂ ಇಲ್ಲಿಗೆ ಓದಲು ಬರಬೇಕು ಎಂಬುದು ಅವರ ನಿಲುವು. ವಾರೆನ್ ಕೋರ್ಟಿಗೆ ಹೋದರು. ಬರಹವಿಲ್ಲದ ಕಟಾಂಜನ ಕೂರಿಸಲು ಹೊರಟರೆ, ಬರಹ ಬೇಕೆಂದವರು ಅದನ್ನು ಒಡೆದುಹಾಕಿದರು. ಕೊನೆಗೆ ಬರಹವಿದ್ದ ಕಲ್ಲು ಯುದ್ಧದಲ್ಲಿ ನೊಂದ ಇನ್ನೊಂದು ಊರಾದ ದಿನಾಂಗೆ ಹೋಯಿತು. ನನ್ನ ಕಣ್ಣಿಗೆ ಲೂವೆನ್‌ನ ಈ ಆರುನೂರು ವರ್ಷಗಳಲ್ಲಿ ರೆಕ್ಟರ್ ಒಬ್ಬರು ತೆಗೆದುಕೊಂಡ ಅತ್ಯಂತ ದಿಟ್ಟ ನಿಲುವು ಲಾಡೂಜ್ ಅವರದು. ಇಡೀ ದೇಶ ಕೋಪದಲ್ಲಿ ಕುದಿಯುತ್ತಿದ್ದಾಗ ಬೇಡ ಎನ್ನುವುದು ಸುಲಭವಲ್ಲ.

ಹನ್ನೆರಡು ವರ್ಷದ ನಂತರ, ಎರಡನೆಯ ಮಹಾಯುದ್ಧದ ನಡುವೆ, 1940ರ ಮೇ ತಿಂಗಳಲ್ಲಿ, ಗ್ರಂಥಾಲಯ ಮತ್ತೆ ಹೊತ್ತಿ ಉರಿಯಿತು. ಈ ಸಲ ಸುಮಾರು 9 ಲಕ್ಷ ಪುಸ್ತಕಗಳಿದ್ದವು, ಉಳಿದದ್ದು 15,000ದಷ್ಟು. ಯುದ್ಧ ಮುಗಿದ ಮೇಲೆ ವಾರೆನ್ ಅವರ ಹಳೆಯ ನಕ್ಷೆಯ ಪ್ರಕಾರವೇ ಮತ್ತೆ ಕಟ್ಟಿದರು.

ಬಿಗ್ ಬ್ಯಾಂಗ್ ಗುರು, ರಾಮಕಥೆಯ ಗುರು

ಈ ಎರಡು ಬೆಂಕಿಗಳ ನಡುವಿನ ಕಾಲದಲ್ಲಿ ಲೂವೆನ್‌ನ ತರಗತಿಗಳಲ್ಲಿ ಕುತ್ತಿಗೆಗೆ ಬಿಳಿ ಪಟ್ಟಿ ಕಟ್ಟಿದ ಪ್ರಾಧ್ಯಾಪಕರೊಬ್ಬರು ಭೌತವಿಜ್ಞಾನ ಕಲಿಸುತ್ತಿದ್ದರು. ಜಾರ್ಜ್ ಲೆಮೆತ್ರ್, ಗುರುದೀಕ್ಷೆ ಪಡೆದದ್ದು 1923ರಲ್ಲಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಪ್ರಬಂಧ ಬರೆದರು. 1931ರಲ್ಲಿ ಇನ್ನೂ ಮುಂದೆ ಹೋಗಿ, ಎಲ್ಲವೂ ಒಂದು ಆದಿಮ ಅಣುವಿನಿಂದ ಸಿಡಿದು ಬಂದದ್ದು ಎಂದರು. ಇಂದು ನಾವು ಬಿಗ್ ಬ್ಯಾಂಗ್ ಎನ್ನುವುದರ ಮೂಲ ಇದು. ಪೋಪ್ ಹನ್ನೆರಡನೆಯ ಪಯಸ್ 1951ರಲ್ಲಿ ಈ ವಿಜ್ಞಾನವನ್ನು ಸೃಷ್ಟಿಯ ನಂಬಿಕೆಗೆ ಪುಷ್ಟಿ ಎಂಬಂತೆ ಮಾತಾಡಿದಾಗ ಖುಷಿಪಡಬೇಕಾಗಿದ್ದ ಲೆಮೆತ್ರ್‌ಗೆ ಕಸಿವಿಸಿಯಾಯಿತು. ವಿಜ್ಞಾನದ ಸಿದ್ಧಾಂತ ನಾಳೆ ಬದಲಾಗಬಹುದು, ನಂಬಿಕೆಯನ್ನು ಅದಕ್ಕೆ ಗಂಟು ಹಾಕಬಾರದು ಎಂಬುದು ಅವರ ಖಚಿತ ನಿಲುವು. ಪೋಪ್ ಮುಂದೆ ಆ ಮಾತು ಎತ್ತಲಿಲ್ಲ. ಕ್ಯಾಥೋಲಿಕ್ ವಿಶ್ವವಿದ್ಯಾಲಯ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಬೆರಳು ತೋರುವುದು ಈ ಗುರುಗಳತ್ತ.

ಇನ್ನೊಬ್ಬರು ನಮ್ಮ ದೇಶಕ್ಕೆ ಬಂದವರು. 1909ರಲ್ಲಿ ಫ್ಲೆಮಿಷ್ ಹಳ್ಳಿಯಲ್ಲಿ ಹುಟ್ಟಿದ ಕಾಮಿಲ್ ಬುಲ್ಕೆ ಲೂವೆನ್‌ನಲ್ಲಿ ಎಂಜಿನಿಯರಿಂಗ್ ಓದಿದರು. ತಾಯ್ನುಡಿಗಾಗಿ ನಡೆದ ವಿದ್ಯಾರ್ಥಿ ಚಳವಳಿಯ ಬಿಸಿ ಅವರಿಗೆ ತಗುಲಿದ್ದು ಅಲ್ಲೇ. ಆಮೇಲೆ ಜೆಸ್ಯೂಟ್ ಸಭೆ ಸೇರಿ 1935ರಲ್ಲಿ ಭಾರತಕ್ಕೆ ಬಂದರು. ಇಲ್ಲಿ ಓದಿದವರು ಸ್ವಂತ ಭಾಷೆಯನ್ನು ಬದಿಗೊತ್ತಿ ಇಂಗ್ಲಿಷಿನಲ್ಲಿ ಬೀಗುವುದನ್ನು ಕಂಡು, ಊರಲ್ಲಿ ಫ್ರೆಂಚಿನೆದುರು ತಮ್ಮ ಮಾತು ಪಟ್ಟ ಪಾಡು ಅವರಿಗೆ ನೆನಪಾಯಿತು. ಹಿಂದಿ, ಸಂಸ್ಕೃತ ಕಲಿತರು. ಸಂಶೋಧನಾ ಪ್ರಬಂಧವನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂಬ ರೂಢಿಯಿದ್ದ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಹಿಂದಿಯಲ್ಲಿ ಬರೆಯಲು ಅನುಮತಿ ಪಡೆದು, ರಾಮಕಥೆಯ ಹುಟ್ಟು ಬೆಳವಣಿಗೆಯ ಮೇಲೆ ಮಹಾಪ್ರಬಂಧ ಸಿದ್ಧಪಡಿಸಿದರು. ರಾಂಚಿಯಲ್ಲಿದ್ದುಕೊಂಡು ಅವರು ಕಟ್ಟಿದ ಇಂಗ್ಲಿಷ್-ಹಿಂದಿ ನಿಘಂಟು ಇಂದಿಗೂ ಜನರ ಕೈಯಲ್ಲಿದೆ. 1974ರಲ್ಲಿ ಪದ್ಮಭೂಷಣ ಬಂತು. ಲೂವೆನ್‌ನ ಭಾಷಾ ಜಗಳದ ಒಂದು ಕಿಡಿ ಛೋಟಾನಾಗಪುರದಲ್ಲಿ ದೀಪವಾಗಿ ಉರಿಯಿತು.

'ವಾಲೂನರೇ ಹೊರಡಿ'

ಬುಲ್ಕೆ ಬಿಟ್ಟುಬಂದ ಊರಿನಲ್ಲಿ ಆ ಕಿಡಿ ಕಾಡ್ಗಿಚ್ಚಾಯಿತು. 1930ರ ದಶಕದ ಹೊತ್ತಿಗೆ ಬಹುಪಾಲು ಪಾಠಗಳು ಎರಡೂ ಭಾಷೆಯಲ್ಲಿ ನಡೆಯುತ್ತಿದ್ದವು. 1962-63ರಲ್ಲಿ ಬೆಲ್ಜಿಯಂ ಸಂಸತ್ತು ದೇಶದ ನಡುವೆ ಭಾಷಾ ಗಡಿ ಎಳೆಯಿತು. ಉತ್ತರಕ್ಕೆ ಡಚ್, ದಕ್ಷಿಣದ ವಾಲೋನಿಯಾಕ್ಕೆ ಫ್ರೆಂಚ್, ಬ್ರಸೆಲ್ಸ್‌ಗೆ ಎರಡೂ. ಲೂವೆನ್ ಗಡಿಯ ಉತ್ತರಕ್ಕೆ ಬಿತ್ತು. ಊರು ಡಚ್ ಭಾಷೆಯದು, ವಿಶ್ವವಿದ್ಯಾಲಯದ ಅರ್ಧ ಫ್ರೆಂಚ್ ಭಾಷೆಯದು. ಫ್ರೆಂಚ್ ಪ್ರಾಧ್ಯಾಪಕರ ಮಕ್ಕಳಿಗೆ ಊರಲ್ಲಿ ಫ್ರೆಂಚ್ ಶಾಲೆ ಬೇಕು, ಅವರ ಕುಟುಂಬಗಳಿಗೆ ಸವಲತ್ತು ಬೇಕು. ಫ್ಲೆಮಿಷ್ ಜನರ ಭಯ ಬೇರೆಯದೇ. ಒಂದು ಕಾಲಕ್ಕೆ ಡಚ್ ಆಡುತ್ತಿದ್ದ ಬ್ರಸೆಲ್ಸ್ ಅವರ ಕಣ್ಣೆದುರೇ ಫ್ರೆಂಚ್ ನಗರವಾಗಿತ್ತು, ಸುತ್ತಲಿನ ಹಳ್ಳಿಗಳಿಗೂ ಹರಡುತ್ತಿತ್ತು. ಲೂವೆನ್‌ನಲ್ಲಿ ಫ್ರೆಂಚ್ ವಿಭಾಗ ಬೆಳೆದರೆ ಬ್ರಸೆಲ್ಸ್‌ನಿಂದ ಲೂವೆನ್‌ವರೆಗಿನ ನೆಲವೆಲ್ಲ ಕೈಬಿಟ್ಟಂತೆ ಎಂದು ಅವರು ಲೆಕ್ಕ ಹಾಕಿದರು.

1966ರ ಮೇ 13ರಂದು ಧರ್ಮಾಧ್ಯಕ್ಷರು ಆಜ್ಞೆ ಹೊರಡಿಸಿದರು: ವಿಶ್ವವಿದ್ಯಾಲಯ ಒಂದೇ, ಒಂದೇ ಕಡೆ ಉಳಿಯುವುದು, ಚರ್ಚೆ ಮುಗಿಯಿತು. ಆ ಧಾಟಿಯೇ ಎಲ್ಲವನ್ನೂ ಕೆಡಿಸಿತು. ಭಾನುವಾರ ತಪ್ಪದೆ ಬಲಿಪೂಜೆಗೆ ಹೋಗುವ ಮನೆಗಳ ಹುಡುಗರು ಧರ್ಮಾಧ್ಯಕ್ಷರ ವಿರುದ್ಧ ಬೀದಿಗಿಳಿದರು. 'ವಾಲೂನರೇ ಹೊರಡಿ', ಅಂದರೆ ವಾಲೋನಿಯಾದ ಫ್ರೆಂಚ್ ಭಾಷಿಕರೇ ಹೊರಡಿ, ಎಂಬ ಕೂಗು ಗೋಡೆಗೋಡೆಯ ಮೇಲೂ ಬಂತು. 1968ರ ಜನವರಿಯಲ್ಲಿ ಫ್ರೆಂಚ್ ವಿಭಾಗ ತಾನು ಲೂವೆನ್‌ನಲ್ಲೇ ಬೆಳೆಯುವ ಯೋಜನೆ ಪ್ರಕಟಿಸಿದ್ದೇ ತಡ, ಊರು ಸಿಡಿಯಿತು. ವಾರಗಟ್ಟಲೆ ಮೆರವಣಿಗೆ, ಪೊಲೀಸರ ನೀರು ಫಿರಂಗಿ, ಬಂಧನ. ಬ್ರೂಗ್ಸ್‌ನ ಧರ್ಮಾಧ್ಯಕ್ಷ ಡಿ ಸ್ಮೆಟ್, 1966ರಲ್ಲಿ ತಾನು ತಪ್ಪು ಮಾಡಿದೆ ಎಂದು ಸಾರ್ವಜನಿಕವಾಗಿ ಒಪ್ಪಿಕೊಂಡರು. ಫೆಬ್ರುವರಿ 7ರಂದು ಪ್ರಧಾನಿ ವಾಂಡೆನ್ ಬೂಯ್ನಾಂಟ್ಸ್ ಅವರ ಸರ್ಕಾರ ಬಿದ್ದಿತು. ಪ್ಯಾರಿಸ್ ವಿದ್ಯಾರ್ಥಿಗಳ ಮೇ ಬಂಡಾಯಕ್ಕೆ ಇನ್ನೂ ಮೂರು ತಿಂಗಳಿತ್ತು. ಲೂವೆನ್ ಜಗಳದ ಬಿರುಕು ದೇಶದ ಕ್ರಿಶ್ಚಿಯನ್ ಪಕ್ಷವನ್ನು ಭಾಷೆಯ ಗೆರೆಯಲ್ಲೇ ಎರಡಾಗಿಸಿತು. ನಂತರದ ಹತ್ತು ವರ್ಷಗಳಲ್ಲಿ ಉದಾರವಾದಿಗಳೂ ಸಮಾಜವಾದಿಗಳೂ ಅದೇ ದಾರಿ ಹಿಡಿದರು.

ಒಡಕನ್ನು ತಡೆಯಲು ಫ್ರೆಂಚ್ ಪ್ರಾಧ್ಯಾಪಕರ ಸಂಘ ಕಟ್ಟಿ ಹೆಣಗಿದವರಲ್ಲಿ ಲೆಮೆತ್ರ್ ಕೂಡ ಇದ್ದರು. 1966ರ ಜೂನ್‌ನಲ್ಲಿ, ಬಿಗ್ ಬ್ಯಾಂಗ್‌ನ ಉಳಿಕೆಯಾದ ವಿಕಿರಣ ಪತ್ತೆಯಾದ ಸುದ್ದಿ ಕೇಳಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ತಮ್ಮ ವಿಶ್ವವಿದ್ಯಾಲಯ ಇಬ್ಭಾಗವಾದದ್ದನ್ನು ಅವರು ಕಾಣಲಿಲ್ಲ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಫ್ಲೆಮಿಷ್ ಜನರ ಬೇಡಿಕೆ ನ್ಯಾಯವಾದದ್ದು. ತನ್ನ ನೆಲದಲ್ಲಿ ತನ್ನ ಭಾಷೆಯಲ್ಲಿ ಓದುವ ಹಕ್ಕನ್ನು ದಾನದಂತೆ ಬೇಡಿ ಪಡೆಯಬೇಕಾಗಿ ಬಂದಾಗ ಜನ ಸಿಡಿಯುತ್ತಾರೆ. ಆದರೆ ಆ ಕೂಗು ನ್ಯಾಯವಾದದ್ದಲ್ಲ, ನೆರೆಮನೆಯವರನ್ನು ಹೊರಡಿ ಎನ್ನುವ ಯಾವ ಕೂಗೂ ಅಲ್ಲ. ಐವತ್ತು ವರ್ಷ ಮೊದಲೇ ಧರ್ಮಾಧ್ಯಕ್ಷರು ಮನಸ್ಸು ಮಾಡಿದ್ದರೆ ಎರಡು ಭಾಷೆಗಳೂ ಒಂದೇ ಅಂಗಳದಲ್ಲಿ ಸಮನಾಗಿ ಬೆಳೆಯಬಹುದಿತ್ತು. ಅವರು ಕಾದರು, ಕಾಯುತ್ತ ಕೂತವರ ಕೈಯಿಂದ ನಿರ್ಧಾರ ಬೀದಿಯ ಕೈಗೆ ಹೋಯಿತು.

1970ರಲ್ಲಿ ಕಾನೂನಿನ ಪ್ರಕಾರ ಎರಡು ವಿಶ್ವವಿದ್ಯಾಲಯಗಳಾದವು. ಗಡಿಯ ದಕ್ಷಿಣಕ್ಕೆ, ಒಟಿನ್ಯಿ ಎಂಬ ಊರಿನ ಬಳಿಯ ಹೊಲಗಳಲ್ಲಿ ಫ್ರೆಂಚ್ ಭಾಷೆಯವರು ಹೊಸ ಪಟ್ಟಣವನ್ನೇ ಕಟ್ಟಿದರು. 1971ರ ಫೆಬ್ರುವರಿಯಲ್ಲಿ ದೊರೆ ಬೋದೂಯಾಂ ಶಿಲಾನ್ಯಾಸ ಮಾಡಿದರು, ಮರುವರ್ಷ ಮೊದಲ ವಿದ್ಯಾರ್ಥಿಗಳು ಬಂದರು, 1979ರ ಹೊತ್ತಿಗೆ ಸಾಗಾಟ ಮುಗಿಯಿತು. ವೈದ್ಯ ವಿಭಾಗ ಬ್ರಸೆಲ್ಸ್‌ನ ಅಂಚಿಗೆ ಹೋಯಿತು. ಹೊಸ ಊರಿನ ಹೆಸರು ಲೂವಾಂ-ಲಾ-ನ್ಯೂವ್. ಕಾರುಗಳು, ರೈಲು ನಿಲ್ದಾಣ ಎಲ್ಲ ಕಾಂಕ್ರೀಟ್ ಹಾಸಿನ ಕೆಳಗೆ. ಮೇಲೆ ನಡೆದಾಡುವವರಿಗೆ ಮಾತ್ರ ದಾರಿ, ಇಕ್ಕಟ್ಟಾದ ಓಣಿಗಳು, ಇಟ್ಟಿಗೆ ಮನೆಗಳು, ಚೌಕಗಳು. ಬಿಟ್ಟುಬಂದ ಮಧ್ಯಯುಗದ ಊರಿನ ಅಳತೆಯನ್ನು ಮರೆಯದ ಜನ ಕಟ್ಟಿದ ಪಟ್ಟಣ ಎಂಬುದು ನಕ್ಷೆ ನೋಡಿದರೇ ತಿಳಿಯುತ್ತದೆ.

ಒಡೆದ ಮೇಲೆ

ಎರಡೂ ಬೆಳೆದವು. ಲೂವೆನ್‌ನ ಪ್ರಯೋಗಾಲಯದಲ್ಲಿ ಜೀವಕೋಶದೊಳಗಿನ ಲೈಸೋಸೋಮ್ ಪತ್ತೆಮಾಡಿದ ಕ್ರಿಶ್ಚಿಯನ್ ಡಿ ಡೂವ್ ಫ್ರೆಂಚ್ ವಿಭಾಗದ ಜತೆ ಹೊರಟರು, 1974ರಲ್ಲಿ ನೊಬೆಲ್ ಪಡೆದರು. ಹಳೆಯ ಊರಿನಲ್ಲಿ ಉಳಿದ ರೇಗಾ ಸಂಸ್ಥೆಯ ಎರಿಕ್ ಡಿ ಕ್ಲರ್ಕ್, ಪ್ರಾಗ್‌ನ ರಸಾಯನವಿಜ್ಞಾನಿ ಆಂಟೊನಿನ್ ಹೋಲಿ ಜತೆ ಸೇರಿ ಟೆನೊಫೊವಿರ್ ಎಂಬ ಔಷಧಿಗೆ ದಾರಿ ಮಾಡಿದರು. ಎಚ್‌ಐವಿ ಸೋಂಕಿತರಿಗೆ ನಮ್ಮ ಜಿಲ್ಲಾ ಆಸ್ಪತ್ರೆಗಳ ಎಆರ್‌ಟಿ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ಮಾತ್ರೆಯಲ್ಲಿ ಇರುವುದು ಇದೇ. ಬಳ್ಳಾರಿಯಲ್ಲೋ ಬಾಗಲಕೋಟೆಯಲ್ಲೋ ದಿನಕ್ಕೊಂದು ಮಾತ್ರೆ ನುಂಗಿ ಮಕ್ಕಳನ್ನು ಓದಿಸುತ್ತಿರುವ ತಾಯಿಗೆ ಲೂವೆನ್ ಹೆಸರು ಗೊತ್ತಿರಬೇಕಿಲ್ಲ.

ಆ ರೇಗಾ ಸಂಸ್ಥೆಯನ್ನು ಕಟ್ಟಿದವರು ಪೀಟ್ ಡಿ ಸೋಮರ್. ವೈದ್ಯರು, ಒಡಕಿನ ನಂತರದ ಡಚ್ ವಿಶ್ವವಿದ್ಯಾಲಯದ ಮೊದಲ ರೆಕ್ಟರ್, ಆ ಹುದ್ದೆಗೆ ಬಂದ ಮೊದಲ ಗುರುವಲ್ಲದ ವ್ಯಕ್ತಿ. 1985ರ ಮೇ ತಿಂಗಳಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಲೂವೆನ್‌ಗೆ ಬಂದಾಗ ಡಿ ಸೋಮರ್ ಸಾವಿನ ಅಂಚಿನಲ್ಲಿದ್ದರು. ಆದರೂ ಎದ್ದು ನಿಂತು, ಸಂಶೋಧಕನಿಗೆ ತಪ್ಪು ಮಾಡುವ ಸ್ವಾತಂತ್ರ್ಯ ಬೇಕು, ಅದಿಲ್ಲದೆ ವಿಶ್ವವಿದ್ಯಾಲಯ ತನ್ನ ಕೆಲಸ ಮಾಡಲಾರದು ಎಂದು ಪೋಪ್ ಎದುರೇ ಹೇಳಿದರು. ಮುಂದಿನ ತಿಂಗಳು ತೀರಿಹೋದರು.

ಇನ್ನೊಂದು ಪ್ರಶ್ನೆ ಮಾತ್ರ ಇಷ್ಟು ಕಾಲ ಮೂಲೆಯಲ್ಲೇ ಉಳಿದಿತ್ತು. ಹೆಣ್ಣುಮಕ್ಕಳಿಗೆ ಲೂವೆನ್ ಬಾಗಿಲು ತೆರೆದದ್ದು 1920ರಲ್ಲಿ, ಹುಟ್ಟಿ ಸುಮಾರು ಐದು ಶತಮಾನ ಕಳೆದ ಮೇಲೆ. 2024ರ ಸೆಪ್ಟೆಂಬರ್‌ನಲ್ಲಿ ಆರುನೂರನೆಯ ವರ್ಷದ ಹೊಸ್ತಿಲಲ್ಲಿ ಪೋಪ್ ಫ್ರಾನ್ಸಿಸ್ ಎರಡೂ ವಿಶ್ವವಿದ್ಯಾಲಯಗಳಿಗೆ ಬಂದರು. ಲೂವೆನ್‌ನ ರೆಕ್ಟರ್ ಸ್ವಾಗತ ಭಾಷಣದಲ್ಲೇ, ಧರ್ಮಸಭೆಯಲ್ಲಿ, ಗುರುಪಟ್ಟದಲ್ಲೂ, ಹೆಣ್ಣಿಗೆ ಸ್ಥಾನ ಸಿಕ್ಕರೆ ಅದು ಇನ್ನಷ್ಟು ಆಪ್ತವಾಗದೇ ಎಂದು ಕೇಳಿದರು. ಮರುದಿನ ಲೂವಾಂ-ಲಾ-ನ್ಯೂವ್‌ನಲ್ಲಿ ವಿದ್ಯಾರ್ಥಿಗಳು ಪತ್ರ ಓದಿ ಅದೇ ಪ್ರಶ್ನೆ ಎತ್ತಿದರು. ಹೆಣ್ಣಿನ ಹಿರಿಮೆ ಅವಳ ಆರೈಕೆಯ ಗುಣದಲ್ಲಿದೆ ಎಂಬ ಧಾಟಿಯಲ್ಲಿ ಪೋಪ್ ಉತ್ತರಿಸಿದರು. ಅತಿಥಿ ಇನ್ನೂ ದೇಶ ಬಿಡುವ ಮೊದಲೇ ವಿಶ್ವವಿದ್ಯಾಲಯ ಪ್ರಕಟಣೆ ಹೊರಡಿಸಿ, ಈ ಮಾತನ್ನು ತಾನು ಒಪ್ಪುವುದಿಲ್ಲ ಎಂದು ತಿಳಿಸಿತು. ಪೋಪ್ ಶಾಸನದಿಂದ ಹುಟ್ಟಿದ ಸಂಸ್ಥೆಯ ಮಾತಿದು.

ಅಂದು ಪೋಪ್ ಅವರನ್ನು ಬರಮಾಡಿಕೊಂಡ ಲೂವಾಂ-ಲಾ-ನ್ಯೂವ್‌ನ ರೆಕ್ಟರ್ ಫ್ರಾನ್ಸ್‌ವಾಜ್ ಸ್ಮೆಟ್ಸ್, ಮಕ್ಕಳ ವೈದ್ಯೆ, ಆ ಹುದ್ದೆಗೇರಿದ ಮೊದಲ ಮಹಿಳೆ. ಮರುವರ್ಷ, 2025ರಲ್ಲಿ, ಹಳೆಯ ಲೂವೆನ್ ಕೂಡ ಸೆವರೀನ್ ಫರ್ಮೇರ್ ಅವರನ್ನು ರೆಕ್ಟರ್ ಆಗಿ ಆರಿಸಿತು. ಅಲ್ಲಿಗೂ ಮೊದಲ ಮಹಿಳೆ ಅವರೇ.